ಇಡ್ಲಿನಾ, ರಾಗಿನಾ, ಪ್ಯಾಕೆಟ್ ತಿಂಡಿನಾ? ಸಕ್ಕರೆ ಕಮ್ಮಿ ಮಾಡಬೇಕೆನ್ನುವವರಿಗೆ ಬೆಳಗಿನ ತಿಂಡಿಯ ಹೋಲಿಕೆ

ನಮ್ಮ ಮನೆ ಇರುವುದು ತುಮಕೂರಿನಲ್ಲಿ, ಕ್ಯಾತ್ಸಂದ್ರದ ಕಡೆ. ತಟ್ಟೆ ಇಡ್ಲಿ ತಿನ್ನಲು ಜನ ಹೈವೇಯಲ್ಲಿ ಕಾರು ನಿಲ್ಲಿಸಿ ಬರುವ ಊರು ಇದು. ಅಪ್ಪನಿಗೆ ಶುಗರ್ ಇದೆ ಎಂದು ಗೊತ್ತಾದ ವಾರ ಮನೆಯಲ್ಲಿ ಮೊದಲು ನಿಂತಿದ್ದೇ ಆ ಇಡ್ಲಿ. ಅದರ ಜಾಗಕ್ಕೆ ದೊಡ್ಡ ಲೋಟದ ತುಂಬ ರಾಗಿ ಮಾಲ್ಟ್ ಬಂತು. ಸಕ್ಕರೆ ಬೇಡ ಅಂತ ಬೆಲ್ಲ ಹಾಕಿದೆವು. ‘ಬೆಲ್ಲ ತಾನೇ, ಏನೂ ಆಗಲ್ಲ’ ಎಂದು ಮನೆಯವರೆಲ್ಲ ಸಮಾಧಾನ ಮಾಡಿಕೊಂಡೆವು. ಮೂರು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಇಳಿದೇ ಇರಲಿಲ್ಲ.

ಆಮೇಲೆ ನಾನು ಅಡುಗೆಮನೆಗೆ ಒಂದು ಚಿಕ್ಕ ತೂಕದ ಮಷೀನ್ ತಂದೆ. ಲೋಟಕ್ಕೆ ಹಾಕುತ್ತಿದ್ದ ಬೆಲ್ಲವನ್ನು ತೂಗಿದೆ. 25 ಗ್ರಾಂ. ರಾಗಿ ಹಿಟ್ಟು ತೂಗಿದೆ. 20 ಗ್ರಾಂ. ನಾವು ಅಪ್ಪನಿಗೆ ಕೊಡುತ್ತಿದ್ದ ರಾಗಿ ಮಾಲ್ಟ್‌ನಲ್ಲಿ ರಾಗಿಗಿಂತ ಬೆಲ್ಲವೇ ಜಾಸ್ತಿ ಇತ್ತು!

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಮೊದಲು ಲೋಟದಲ್ಲಿ ಏನಿದೆ ಎಂದು ನೋಡುತ್ತೇನೆ. ನಮ್ಮ ಕಡೆಯ ಬೆಳಗಿನ ತಿಂಡಿಗಳಲ್ಲಿ ಹೆಚ್ಚಿನವು ಖಾರದ ತಿಂಡಿಗಳೇ. ಇಡ್ಲಿ, ರೊಟ್ಟಿ, ಉಪ್ಪಿಟ್ಟು, ಚಿತ್ರಾನ್ನ ಯಾವುದಕ್ಕೂ ಸಕ್ಕರೆ ಬೀಳುವುದಿಲ್ಲ. ಸಿಹಿ ಬರುವುದು ಕಾಫಿ, ಟೀ, ಮಾಲ್ಟ್, ಜ್ಯೂಸ್‌ಗಳಲ್ಲಿ. ಈಚೆಗೆ ಪ್ಯಾಕೆಟ್‌ಗಳಲ್ಲೂ ಬರುತ್ತಿದೆ.

ಎಷ್ಟು ಸಕ್ಕರೆ ಜಾಸ್ತಿ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2,000 ಕ್ಯಾಲೊರಿ ಊಟ ಮಾಡುವವರಿಗೆ ಈ ಶೇ 5 ಅಂದರೆ ಸುಮಾರು 25 ಗ್ರಾಂ. ಸಮವಾಗಿ ತುಂಬಿದ ಚಿಕ್ಕ ಟೀ ಚಮಚದಲ್ಲಿ 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಹಾಗಾದರೆ ದಿನಕ್ಕೆ ಆರು ಚಮಚ. ಲೋಟಕ್ಕೆ ಎರಡು ಚಮಚದಂತೆ ಮೂರು ಸಲ ಕಾಫಿ ಕುಡಿದರೆ ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ನಮ್ಮ ಮನೆಯಲ್ಲಿ ಚಮಚ ತುಂಬುವುದು ಗುಡ್ಡೆ ಹಾಕಿ. ಅದನ್ನು ತೂಗಿದಾಗ 7 ಗ್ರಾಂ ಬಂತು. ನಿಮ್ಮ ಮನೆ ಚಮಚವನ್ನೂ ಒಂದು ಸಲ ತೂಗಿ ನೋಡಿ.

ಈ ಲೆಕ್ಕಕ್ಕೆ ಬೆಲ್ಲ, ಜೇನುತುಪ್ಪ, ಜ್ಯೂಸ್‌ನ ಸಿಹಿ ಎಲ್ಲವೂ ಸೇರುತ್ತವೆ. ಇಡಿಯಾಗಿ ತಿನ್ನುವ ಹಣ್ಣು ಸೇರುವುದಿಲ್ಲ. ಹಾಲಿನಲ್ಲಿ ತಾನಾಗಿಯೇ ಇರುವ ಸಿಹಿಯೂ ಸೇರುವುದಿಲ್ಲ.

ಶುಗರ್ ಇರುವವರಿಗೆ ಇನ್ನೊಂದು ಲೆಕ್ಕವೂ ಇದೆ. ಅಕ್ಕಿ, ರವೆ, ರಾಗಿ ಎಲ್ಲವೂ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗುತ್ತವೆ. ಅವರು ಸಕ್ಕರೆ ಬಿಟ್ಟರಷ್ಟೇ ಸಾಲದು, ತಿಂಡಿಯ ಅಳತೆಯನ್ನೂ ನೋಡಬೇಕು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹಾಗಾಗಿ ಇದು ಅಪ್ಪ ಅಮ್ಮನ ವಯಸ್ಸಿನವರು ಮಾತ್ರ ಓದುವ ವಿಷಯ ಅಲ್ಲ.

ರಾಗಿ: ಯಾವ ರೂಪದಲ್ಲಿ?

ರಾಗಿ ಒಳ್ಳೆಯದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ನಾರಿನ ಅಂಶವೂ ಅಕ್ಕಿಗಿಂತ ಎಷ್ಟೋ ಜಾಸ್ತಿ. ಆದರೆ ‘ರಾಗಿ ತಿಂತೀನಿ’ ಅಂದರೆ ಸಾಲದು. ಅದನ್ನು ಯಾವ ರೂಪದಲ್ಲಿ ತಿನ್ನುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಸಿಹಿ ಮಾಲ್ಟ್‌ನಿಂದ ಶುರು ಮಾಡೋಣ. ಲೋಟಕ್ಕೆ ಎರಡು ದೊಡ್ಡ ಚಮಚ, ಅಂದರೆ 20 ಗ್ರಾಂ ಹಿಟ್ಟು ಹಾಕಿದರೆ ಸಿಗುವ ಕ್ಯಾಲ್ಸಿಯಂ 70 ಮಿಲಿಗ್ರಾಂ ಅಷ್ಟೇ. ಅದಕ್ಕೆ ಹಾಕುವ 25 ಗ್ರಾಂ ಬೆಲ್ಲದಲ್ಲಿ 20 ಗ್ರಾಂಗೂ ಮೇಲೆ ಸಕ್ಕರೆ ಇರುತ್ತದೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇದೆ ನಿಜ. ಅದಕ್ಕೊಂದು ಒಳ್ಳೆಯ ರುಚಿಯೂ ಇದೆ. ಆದರೆ 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ. ಜೇನುತುಪ್ಪದಲ್ಲೂ 80ರ ಹತ್ತಿರ. ರಕ್ತಕ್ಕೆ ಸೇರಿದ ಮೇಲೆ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಬೆಲ್ಲವನ್ನು ಹಬ್ಬದ ಹೋಳಿಗೆಗೆ ಇಟ್ಟುಕೊಳ್ಳಿ, ಅದರ ಜಾಗ ಅದು. ದಿನಾ ಬೆಳಗ್ಗೆ ಔಷಧಿ ಎಂದುಕೊಂಡು ಕುಡಿಯಬೇಡಿ.

ಅದೇ ಹಿಟ್ಟನ್ನು ಅಂಬಲಿ ಮಾಡಿ. ಬೇಯಿಸಿ ಆರಿಸಿ, ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿದರೆ ಸಕ್ಕರೆ ಸೊನ್ನೆ. ಬೇಸಿಗೆಯಲ್ಲಿ, ಅದರಲ್ಲೂ ಪಾವಗಡ, ಶಿರಾ ಕಡೆಯ ಬಿಸಿಲಿಗೆ ಇದಕ್ಕಿಂತ ತಂಪಾದ ತಿಂಡಿ ಇಲ್ಲ. ಒಂದೇ ಒಂದು ಕೊರತೆ. ನುಣ್ಣನೆಯ ಹಿಟ್ಟಿನ ತೆಳು ಗಂಜಿ ಬೇಗ ಅರಗಿಬಿಡುತ್ತದೆ, ಹತ್ತೂವರೆಗೆಲ್ಲ ಮತ್ತೆ ಹಸಿವು. ಜೊತೆಗೆ ಒಂದು ಹಿಡಿ ಕಡಲೆಕಾಯಿ ಬೀಜವೋ ಒಂದು ಬೇಯಿಸಿದ ಮೊಟ್ಟೆಯೋ ಇದ್ದರೆ ತಡೆಯುತ್ತದೆ.

ನನ್ನ ಮೊದಲ ಆಯ್ಕೆ ರಾಗಿ ರೊಟ್ಟಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ‘ಬೆಳಗ್ಗೆ ರೊಟ್ಟಿ ತಟ್ಟುತ್ತಾ ಕೂರೋಕೆ ಟೈಮ್ ಎಲ್ಲಿದೆ’ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿಯೇ ಈರುಳ್ಳಿ, ಹಸಿಮೆಣಸಿನಕಾಯಿ, ಬಿಡಿಸಿದ ನುಗ್ಗೆಸೊಪ್ಪು ಅಥವಾ ಸಬ್ಬಸಿಗೆ ಸೊಪ್ಪು ಹೆಚ್ಚಿಟ್ಟುಕೊಳ್ಳಿ. ಬೆಳಗ್ಗೆ ಅದಕ್ಕೆ ಹಿಟ್ಟು, ಉಪ್ಪು, ಒಂದಿಷ್ಟು ತೆಂಗಿನತುರಿ, ತರಿತರಿಯಾಗಿ ಕುಟ್ಟಿದ ಹುರಿದ ಕಡಲೆಕಾಯಿ ಹಾಕಿ ಬಿಸಿನೀರಲ್ಲಿ ಕಲಸಿ. ಎರಡು ಬಾಣಲೆ ಇಟ್ಟುಕೊಂಡು, ಒಂದು ಬೇಯುವಷ್ಟರಲ್ಲಿ ಇನ್ನೊಂದನ್ನು ತಟ್ಟಿದರೆ ನಾಲ್ಕು ಜನಕ್ಕೆ ಅರ್ಧ ಗಂಟೆ ಸಾಕು. ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು. ಸೊಪ್ಪು, ಬೀಜ, ಎಣ್ಣೆಕಾಳು, ಮೊಸರು ಎಲ್ಲವೂ ಒಂದೇ ತಟ್ಟೆಯಲ್ಲಿ ಬಂದವು, ಅಲ್ವಾ? ಅಗಿದು ತಿನ್ನುವುದರಿಂದ ನಿಧಾನವಾಗಿ ಅರಗುತ್ತದೆ. ಅಪ್ಪ ಎರಡು ರೊಟ್ಟಿ ತಿಂದರೆ ಮಧ್ಯಾಹ್ನ ಒಂದು ಗಂಟೆವರೆಗೆ ಏನನ್ನೂ ಕೇಳುವುದಿಲ್ಲ.

ಹಳ್ಳಿಯಲ್ಲಿ ನಮ್ಮ ಅಜ್ಜಿ ಬೆಳಗ್ಗೆಯೇ ಮುದ್ದೆ ಉಣ್ಣುತ್ತಿದ್ದರು, ಉಪ್ಪುಸಾರಿನ ಜೊತೆ. ಆಮೇಲೆ ಹೊಲದಲ್ಲಿ ಬಿಸಿಲೇರುವವರೆಗೂ ಕೆಲಸ. ಇಡೀ ದಿನ ಕುರ್ಚಿಯಲ್ಲಿ ಕೂರುವ ನಮಗೆ ಅಜ್ಜಿಯ ಗಾತ್ರದ ಮುದ್ದೆ ಬೇಡ. ಸಣ್ಣ ಮುದ್ದೆ ಸಾಕು. ಬಸ್ಸಾರು, ಕಾಳುಸಾರು ಮಾತ್ರ ಅಜ್ಜಿಯ ಅಳತೆಯಲ್ಲೇ ಬಡಿಸಿಕೊಳ್ಳಿ. ಶುಗರ್ ಇರುವವರು ‘ರಾಗಿ ಎಷ್ಟು ತಿಂದರೂ ಪರವಾಗಿಲ್ಲ’ ಎಂದುಕೊಂಡು ಎರಡು ದೊಡ್ಡ ಮುದ್ದೆ ನುಂಗುವುದನ್ನು ನೋಡಿದ್ದೇನೆ. ರಾಗಿಯಲ್ಲೂ ಮುಕ್ಕಾಲು ಪಾಲಿಗೆ ಹತ್ತಿರ ಪಿಷ್ಟ, ಅಂದರೆ ಗ್ಲೂಕೋಸ್ ಆಗುವ ಅಂಶವೇ ಇದೆ. ಅಳತೆ ತಪ್ಪಿದರೆ ರಾಗಿಯಿಂದಲೂ ಶುಗರ್ ಏರುತ್ತದೆ.

ತಟ್ಟೆ ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ

ತಟ್ಟೆ ಇಡ್ಲಿಯನ್ನು ನಾವು ಸುಮ್ನೆ ದೂರ ಮಾಡಿದ್ದೆವು. ಅಕ್ಕಿ, ಉದ್ದಿನಬೇಳೆ, ಮೆತ್ತಗಾಗಲು ಒಂದಿಷ್ಟು ಅವಲಕ್ಕಿ ಅಥವಾ ಸಬ್ಬಕ್ಕಿ. ರಾತ್ರಿಯಿಡೀ ಹುದುಗಿ, ಹಬೆಯಲ್ಲಿ ಬೆಂದದ್ದು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ತೊಂದರೆ ಇರುವುದು ಗಾತ್ರದಲ್ಲಿ. ಒಂದು ತಟ್ಟೆ ಇಡ್ಲಿ ಅಂದರೆ ಎರಡು ಮೂರು ಸಣ್ಣ ಇಡ್ಲಿಗೆ ಸಮ. ಎರಡು ತಟ್ಟೆ ಇಡ್ಲಿ, ಒಂದು ವಡೆ, ಕೊನೆಗೊಂದು ಸಿಹಿ ಕಾಫಿ ಆಯಿತು ಅಂದರೆ ಒಂದು ಊಟಕ್ಕಿಂತ ಜಾಸ್ತಿಯೇ ಆಯಿತು. ಈಗ ಅಪ್ಪ ಭಾನುವಾರ ಒಂದೇ ಇಡ್ಲಿ ತಿನ್ನುತ್ತಾರೆ. ಚಟ್ನಿ ಜಾಸ್ತಿ, ಮನೆಯಲ್ಲಾದರೆ ತರಕಾರಿ ಸಾಂಬಾರ್ ಎರಡು ಬಟ್ಟಲು. ಹೋಟೆಲ್ ಸಾಂಬಾರಿಗೆ ಎಷ್ಟೋ ಕಡೆ ಬೆಲ್ಲ ಬೀಳುತ್ತದೆ, ಅಲ್ಲಿ ಚಟ್ನಿಯೇ ವಾಸಿ.

ಚೌಚೌ ಬಾತ್ ಬಗ್ಗೆ ಒಂದು ಮಾತು. ಕೇಸರಿಬಾತ್‌ಗೆ ಒಂದು ಲೋಟ ರವೆಗೆ ಒಂದು ಲೋಟ ಸಕ್ಕರೆ ಬೀಳುತ್ತದೆ, ಕೆಲವರ ಕೈಯಲ್ಲಿ ಒಂದೂವರೆ ಲೋಟ. ಅದನ್ನು ಸಿಹಿತಿಂಡಿ ಎಂದೇ ಲೆಕ್ಕ ಹಿಡಿಯಿರಿ. ಬರೀ ಖಾರಾಬಾತ್ ತಗೊಳ್ಳಿ.

ಉಪ್ಪಿಟ್ಟು, ಚಿತ್ರಾನ್ನ, ಟೊಮೆಟೊ ಬಾತ್ ಮೂರೂ ಒಂದೇ ಗುಂಪಿನವು. ಸಕ್ಕರೆ ಇಲ್ಲ, ಬೇಗ ಆಗುತ್ತವೆ, ಡಬ್ಬಿಗೆ ಹೊಂದುತ್ತವೆ. ಆದರೆ ಪಿಷ್ಟವೇ ಜಾಸ್ತಿ, ಕಾಳು ಬೇಳೆ ಕಮ್ಮಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸೊಗಡಿನ ಅವರೆಕಾಯಿ ಬರುತ್ತದಲ್ಲ, ಆಗ ಉಪ್ಪಿಟ್ಟಿಗೆ ರವೆಯಷ್ಟೇ ಅವರೆಕಾಳು ಹಾಕಿ. ಅದೇ ತಿಂಡಿ ಬೇರೆಯದೇ ಆಗಿಬಿಡುತ್ತದೆ. ಚಿತ್ರಾನ್ನಕ್ಕಾದರೆ ಕಡಲೆಕಾಯಿ ಬೀಜ ಧಾರಾಳವಾಗಿರಲಿ, ಪಕ್ಕಕ್ಕೆ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಇರಲಿ. ಮುಳಬಾಗಿಲು ದೋಸೆ ನಮ್ಮ ಕೋಲಾರದ ನೆಂಟರ ಮನೆಯಲ್ಲಿ ವಾರಕ್ಕೊಮ್ಮೆ ಆಗುತ್ತದೆ. ತುಪ್ಪ ಜಾಸ್ತಿ, ರುಚಿಯೂ ಜಾಸ್ತಿ. ವಾರಕ್ಕೊಮ್ಮೆ ತಿಂದರೆ ಯಾವ ತಕರಾರೂ ಇಲ್ಲ.

ಕಾಳಿನ ಉಸಲಿಯನ್ನು ಜನ ತಿಂಡಿ ಎಂದೇ ಒಪ್ಪುವುದಿಲ್ಲ, ಪ್ರಸಾದ ಎನ್ನುತ್ತಾರೆ. ನನಗೆ ಇದರ ಬಗ್ಗೆ ಬೇಜಾರಿದೆ. ಹೆಸರುಕಾಳಿನಲ್ಲಿ 100 ಗ್ರಾಂಗೆ 22 ಗ್ರಾಂಗೂ ಮೇಲೆ ಪ್ರೋಟೀನ್ ಇದೆ. ರಾಗಿಯಲ್ಲಿ ಇರುವುದು 7 ಗ್ರಾಂ. ರಾತ್ರಿ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ಒಂದು ಕೂಗು ಕೂಗಿಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ತೆಂಗಿನತುರಿ, ನಿಂಬೆರಸ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇರುವಾಗ ತೆಂಗಿನಕಾಯಿಗೇನು ಬರ. ಸಮಯ ಇಲ್ಲ ಎನ್ನುವವರಿಗೆ ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಶುಗರ್ ಇರುವವರಿಗಂತೂ ಒಂದು ಬಟ್ಟಲು ಉಸಲಿ, ಅರ್ಧ ರೊಟ್ಟಿ ಬಹಳ ಒಳ್ಳೆಯ ಜೋಡಿ.

ಪ್ಯಾಕೆಟ್ ತಿಂಡಿಗಳು

ಬ್ರೆಡ್ಡು ಜಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಾಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ಅದರ ಬದಲು ಬ್ರೆಡ್ಡಿಗೆ ಕಡಲೆಕಾಯಿ ಚಟ್ನಿ ಸವರಿ ಕೊಡಿ, ಮಕ್ಕಳು ತಿನ್ನುತ್ತಾರೆ.

ಸೀರಿಯಲ್ ಡಬ್ಬಗಳನ್ನು ಕೊಳ್ಳುವ ಮೊದಲು ಹಿಂಬದಿ ಓದಿ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರ ಇರುತ್ತದೆ, ಹಿಂಬದಿಯಲ್ಲಿ ಬೇರೆಯೇ ಕಥೆ ಇರುತ್ತದೆ. ಹಾಕಿದ ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಮ್ಮಿ ಇರುವುದರ ಕಡೆಗೆ ಬರೆಯಬೇಕು ಎಂಬುದು ನಿಯಮ. ರಾಗಿ ಬಿಸ್ಕೆಟ್ಟಿನಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಎಂದಿದ್ದರೆ ಅದನ್ನು ವಾಪಸ್ ಶೆಲ್ಫಿನಲ್ಲಿಡಿ. ‘ಆಡೆಡ್ ಶುಗರ್ಸ್’ ಎಂಬ ಸಾಲು ಹುಡುಕಿ, 100 ಗ್ರಾಂಗೆ ಎಷ್ಟು ಎಂದು ನೋಡಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂದೆಲ್ಲ ಬರೆದಿದ್ದರೆ ಅವೂ ಸಕ್ಕರೆಯೇ. ಚಾಕೊಲೇಟ್ ಬಣ್ಣದ ಮಕ್ಕಳ ಸೀರಿಯಲ್‌ಗಳಲ್ಲಿ ನೂರಕ್ಕೆ 25–30 ಗ್ರಾಂ ಸಕ್ಕರೆ ಇರುವುದುಂಟು. ಹಾಲಿಗೆ ಹಾಕುವ ಕೆಲವು ಮಾಲ್ಟ್ ಪುಡಿಗಳಲ್ಲಿ ಇನ್ನೂ ಜಾಸ್ತಿ ಇರುವುದುಂಟು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟದ ಕಂಪನಿಗಳಿಗೆ ತಿಳಿಸಿತು. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವಿಂಗಡಣೆಯೇ ಇಲ್ಲ. ಎಷ್ಟು ವರ್ಷ ನಾವು ಅದನ್ನು ನಂಬಿ ಮಕ್ಕಳಿಗೆ ಕುಡಿಸಿದೆವು!

ಓಟ್ಸ್ ಒಳ್ಳೆಯದೇ. ಯಾವ ರುಚಿಯೂ ಸೇರಿಸದ ಬರೀ ಓಟ್ಸ್ ತಂದು ಉಪ್ಪಿಟ್ಟಿನಂತೆ ಮಾಡಿದರೆ ನಾರು, ಪ್ರೋಟೀನ್ ಎರಡೂ ಸಿಗುತ್ತವೆ. ಒಂಟಿಯಾಗಿ ರೂಮಿನಲ್ಲಿದ್ದು ಕೆಲಸಕ್ಕೆ ಓಡುವವರಿಗೆ ಅದು ಅನುಕೂಲ. ಆದರೆ ರಾಗಿ ಬಿಟ್ಟು ಓಟ್ಸ್‌ಗೆ ಹೋಗಲು ಯಾವ ಕಾರಣವೂ ನನಗೆ ಕಾಣುವುದಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಕೆಜಿಗೆ 50 ರೂಪಾಯಿಯೂ ಆಗಲಿಲ್ಲ. ಅದು ಪಕ್ಕದ ಹೊಲದಲ್ಲೇ ಬೆಳೆಯುತ್ತದೆ, ದುಡ್ಡು ನಮ್ಮವರ ಕೈಗೇ ಸೇರುತ್ತದೆ.

ಹಣ್ಣು ತಿನ್ನಿ, ಜ್ಯೂಸ್ ಬೇಡ. ನಾಲ್ಕು ಕಿತ್ತಳೆ ಹಿಂಡಿದ ಲೋಟವನ್ನು ಒಂದು ನಿಮಿಷದಲ್ಲಿ ಕುಡಿದುಬಿಡುತ್ತೇವೆ. ನಾಲ್ಕು ಕಿತ್ತಳೆ ಸುಲಿದು ತಿನ್ನಲು ಕೂತರೆ ಎರಡಕ್ಕೇ ಸಾಕಾಗುತ್ತದೆ. ಸೀಬೆಹಣ್ಣು ಅಗ್ಗ, ನಾರು ಜಾಸ್ತಿ.

ಲೋಟದ ಸಕ್ಕರೆ ಇಳಿಸುವುದು ಹೇಗೆ

ಇಲ್ಲಿ ಎರಡು ದಾರಿ ಇವೆ. ಒಂದೇ ಸಲ ಪೂರ್ತಿ ಬಿಡುವುದು, ಇಲ್ಲಾ ಸ್ವಲ್ಪ ಸ್ವಲ್ಪ ಇಳಿಸುವುದು. ಅಮ್ಮ ಒಂದೇ ಸಲ ಬಿಟ್ಟು, ಐದನೇ ದಿನಕ್ಕೆ ಮತ್ತೆ ಎರಡು ಚಮಚಕ್ಕೆ ಬಂದರು. ಅಪ್ಪ ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬಂದರು. ಎರಡು ಚಮಚದಿಂದ ಅರ್ಧಕ್ಕೆ ಬರಲು ಮೂರು ವಾರ ಹಿಡಿಯಿತು. ಅರ್ಧದಲ್ಲಿ ಒಂದು ತಿಂಗಳು ನಿಂತರು, ಆಮೇಲೆ ಅದನ್ನೂ ಬಿಟ್ಟರು. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಈಗ ಮೊದಲಿನಷ್ಟು ಸಕ್ಕರೆ ಹಾಕಿಕೊಟ್ಟರೆ ‘ಇದೇನು ಪಾಯಸ’ ಎನ್ನುತ್ತಾರೆ. ನಾನು ನಿಧಾನದ ದಾರಿಯನ್ನೇ ಹೇಳುತ್ತೇನೆ. ಡಿಕಾಕ್ಷನ್ ತಾಜಾ ಇರಲಿ, ಹಾಲು ಗಟ್ಟಿ ಇರಲಿ, ಆಗ ಸಕ್ಕರೆ ಇಲ್ಲದ ಕಾಫಿಯೂ ರುಚಿಸುತ್ತದೆ. ಹೋಟೆಲಿನಲ್ಲಿ ಮೊದಲೇ ಸಕ್ಕರೆ ಬೆರೆಸಿಟ್ಟಿರುತ್ತಾರೆ, ಹೇಳುವಾಗಲೇ ‘ವಿತೌಟ್’ ಎನ್ನಿ.

ಸಕ್ಕರೆಯ ಬದಲು ಕಾಫಿಗೆ ಹಾಕುವ ಸಿಹಿ ಮಾತ್ರೆಗಳ ಬಗ್ಗೆಯೂ ಕೇಳುತ್ತಾರೆ. ತೂಕ ಇಳಿಸಲೆಂದು ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಬೇಕು. ನನಗೆ ಕಂಡಂತೆ ಮಾತ್ರೆ ಹಾಕಿದರೆ ನಾಲಿಗೆಯ ಸಿಹಿ ಆಸೆ ಹಾಗೇ ಉಳಿಯುತ್ತದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ತಿಂಡಿ ಬಿಡಬಾರದು, ಒಂದೇ ಸಲ ಅರ್ಧಕ್ಕೂ ಇಳಿಸಬಾರದು. ಮಾತ್ರೆಯ ಅಳತೆ ನೀವು ತಿನ್ನುವ ತಿಂಡಿಗೆ ಹೊಂದಿಕೊಂಡಿರುತ್ತದೆ. ತಿಂಡಿ ಇಳಿದು ಮಾತ್ರೆ ಹಾಗೇ ಇದ್ದರೆ ಶುಗರ್ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಏನು ಬದಲಾಯಿಸುತ್ತೀರಿ ಎಂದು ಮೊದಲು ಡಾಕ್ಟರಿಗೆ ತಿಳಿಸಿ. ಕಿಡ್ನಿ ತೊಂದರೆ ಇರುವವರು ಕಾಳಿನ ಅಳತೆಯನ್ನೂ ಕೇಳಿಕೊಳ್ಳಿ.

ಇನ್ನು ನೆಂಟರ ಮನೆ. ಅತಿ ಕಷ್ಟದ ಜಾಗ ಅದೇ. ಸಕ್ಕರೆ ಹಾಕದೆ ಕಾಫಿ ಕೊಟ್ಟರೆ ಮರ್ಯಾದೆ ಕಮ್ಮಿ ಎಂದು ಮನೆಯವರಿಗೆ ಅನಿಸುತ್ತದೆ. ಬೇಡ ಅಂದರೆ ಬೇಜಾರಾಗುತ್ತಾರೆ ಎಂದು ನಮಗೆ ಅನಿಸುತ್ತದೆ. ಅಪ್ಪ ಈಗ ಒಳಗೆ ಕಾಲಿಡುವಾಗಲೇ ‘ನನಗೊಂದು ಲೋಟ ಮಜ್ಜಿಗೆ ಕೊಡಮ್ಮ, ಉಪ್ಪು ಹಾಕಿ’ ಎಂದು ತಾವೇ ಕೇಳಿಬಿಡುತ್ತಾರೆ. ಕೇಳಿ ಕುಡಿದರೆ ಕೊಟ್ಟವರಿಗೂ ಖುಷಿ. ಹೋದ ತಿಂಗಳು ಗುಬ್ಬಿಯ ಅತ್ತೆ ಮನೆಗೆ ಹೋದಾಗ, ನಾವು ಕೂರುವ ಮೊದಲೇ ಮಜ್ಜಿಗೆ ಚೊಂಬು ಬಂದಿತ್ತು.